ಟಾನಿಕ್ ಡಬ್ಬಕ್ಕೂ ಮೊದಲು ತಕ್ಕಡಿ

ಪ್ರಶ್ನೆ: ಯಲಹಂಕದಾಚೆಯ ಒಂದು ಲಾಯದಲ್ಲಿ ನಮ್ಮ ಒಂಬತ್ತು ವರ್ಷದ ಹೆಣ್ಣು ಕುದುರೆ ಇದೆ. ಮಗಳು ದಿನಕ್ಕೊಂದು ಗಂಟೆ ಸವಾರಿ ಮಾಡುತ್ತಾಳೆ. ಈಚೆಗೆ ಕುದುರೆಯ ಪಕ್ಕೆಲುಬು ಕಾಣುತ್ತಿದೆ, ಬೇಗ ದಣಿಯುತ್ತದೆ. ಹುರುಳಿ ಹೆಚ್ಚಿಸೋಣ ಎಂದು ಕುದುರೆ ನೋಡಿಕೊಳ್ಳುವ ಸೈಸ್ ಹೇಳುತ್ತಾರೆ. ಸ್ನೇಹಿತರೊಬ್ಬರು ಟಾನಿಕ್ ಕೊಡಿ ಎನ್ನುತ್ತಾರೆ. ಯಾವುದು ಸರಿ? ಮಗಳು ದಿನವೂ ಬೆಲ್ಲ ತಿನ್ನಿಸುತ್ತಾಳೆ, ತೊಂದರೆಯಿಲ್ಲವೇ?

ಉತ್ತರ: ಹುರುಳಿ ಬರೆದಿದ್ದೀರಿ, ಟಾನಿಕ್ ಬರೆದಿದ್ದೀರಿ, ಬೆಲ್ಲವನ್ನೂ ಬರೆದಿದ್ದೀರಿ. ಕುದುರೆ ದಿನಕ್ಕೆ ಎಷ್ಟು ಕಿಲೋ ಹುಲ್ಲು ತಿನ್ನುತ್ತದೆ ಎಂಬುದನ್ನು ಮಾತ್ರ ಬರೆದಿಲ್ಲ. ನನಗೆ ಬರುವ ಇಂಥ ಪತ್ರಗಳಲ್ಲೆಲ್ಲ ಹುಲ್ಲಿನ ಲೆಕ್ಕವೇ ಕಾಣೆಯಾಗಿರುತ್ತದೆ.

ಹೋದ ಬೇಸಿಗೆಯಲ್ಲಿ ಹೀಗೇ ಸೊರಗಿದ್ದ ಕುದುರೆಯೊಂದನ್ನು ನೋಡಲು ಹೋಗಿದ್ದೆ. ‘ದಿನಕ್ಕೆ 20 ಕಿಲೋ ಹುಲ್ಲು ಹಾಕುತ್ತೇವೆ ಸಾರ್’ ಎಂದರು ಲಾಯದವರು. ಸುಳ್ಳಲ್ಲ. ಖಾಲಿ ಬೂಸಾ ಚೀಲಕ್ಕೆ ಹುಲ್ಲು ತುಂಬಿ ಕೊಕ್ಕೆಯ ತಕ್ಕಡಿಗೆ ನೇತುಹಾಕಿದಾಗ ಮುಳ್ಳು 20 ದಾಟಿಯೇ ನಿಂತಿತು. ಆದರೆ ಚೀಲದ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗಷ್ಟೇ ಕೊಯ್ದ ಎಳೆ ಹುಲ್ಲಿನಲ್ಲಿ ಶೇಕಡಾ 80ರಷ್ಟು ನೀರೇ. ಕುದುರೆಯ ಹೊಟ್ಟೆಗೆ ಹೋಗುತ್ತಿದ್ದ ನಿಜವಾದ ಮೇವು ನಾಲ್ಕು ಕಿಲೋ.

ನಿಮ್ಮ ಕುದುರೆಗೆ ಎಷ್ಟು ಬೇಕು ಎಂದು ತಿಳಿಯಲು ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಮತ್ತೊಮ್ಮೆ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಸಿಗುತ್ತದೆ. ಸುತ್ತಳತೆ 170, ಉದ್ದ 160 ಇದ್ದರೆ 389 ಕಿಲೋ. ದಿನದ ಮೇವು ನೀರಿನಂಶ ಬಿಟ್ಟು ದೇಹತೂಕದ ಶೇಕಡಾ 2ರಷ್ಟಿರಬೇಕು. ಒಣಹುಲ್ಲಿನಲ್ಲೂ ಸ್ವಲ್ಪ ನೀರಿರುವುದರಿಂದ, ಅಂದರೆ ಸುಮಾರು ಎಂಟೂವರೆ ಕಿಲೋ ಒಣಹುಲ್ಲು. ಹಸಿ ಹುಲ್ಲನ್ನೇ ನೆಚ್ಚಿಕೊಂಡರೆ 40 ಕಿಲೋ ಹತ್ತಿರ ಬೇಕಾದೀತು. ಅಷ್ಟನ್ನು ಯಾರೂ ಹಾಕುವುದಿಲ್ಲ.

ಹಾಗಾದರೆ ಕೊರತೆಯನ್ನು ಹುರುಳಿಯಿಂದ ತುಂಬಿದರಾಯಿತಲ್ಲ? ಇಲ್ಲಿಯೇ ಎಡವುವುದು. ಕುದುರೆಯದು ದೊಡ್ಡ ಮೈ, ಸಣ್ಣ ಜಠರ: ಹಿಡಿಯುವುದು 8ರಿಂದ 15 ಲೀಟರ್. ಅದರೊಳಗೆ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಅದನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಸುರಿಯುತ್ತದೆ. ಗಂಟೆಗಟ್ಟಲೆ ಖಾಲಿ ನಿಂತ ಕುದುರೆಗೆ ಜಠರದಲ್ಲಿ ಹುಣ್ಣಾಗುವುದು ಇದರಿಂದಲೇ. ಇನ್ನು ಕಾಳನ್ನು ಒಮ್ಮೆಗೇ ಹೆಚ್ಚು ಸುರಿದರೆ ಅದರ ಪಿಷ್ಟ ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹರಿದು, ಅಲ್ಲಿ ಹುಳಿಯುತ್ತದೆ. ಆಮೇಲೆ ಹೊಟ್ಟೆಶೂಲೆ, ಇಲ್ಲವೇ ಗೊರಸಿನೊಳಗಿನ ಉರಿಯೂತ. ವಾಂತಿ ಮಾಡಿ ಹಗುರಾಗೋಣವೆಂದರೆ ಕುದುರೆಗೆ ಅದೂ ಆಗದು.

ಹುರುಳಿಯ ಮೇಲೆ ನನಗೆ ಕೋಪವಿಲ್ಲ. ಶೇಕಡಾ 22ರಷ್ಟು ಪ್ರೋಟೀನ್ ಇರುವ ಒಳ್ಳೆಯ ಕಾಳು. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಬರುವ ಅಂಶಗಳಿವೆ, ಬೇಯಿಸಿದರೆ ಅವು ಹೋಗುತ್ತವೆ. ಕಟ್ಟನ್ನು ಸಾರಿಗೆ ಬಸಿದುಕೊಂಡರೂ ನನ್ನ ಆಕ್ಷೇಪವಿಲ್ಲ. ಒಣಗಿದ್ದಾಗ ತೂಗಿ ಅರ್ಧ ಕಿಲೋ ಕಾಳನ್ನು ಬೇಯಿಸಿ, ಎರಡು ಹೊತ್ತಿಗೆ ಹಂಚಿದರೆ ಒಂದು ಗಂಟೆಯ ಸವಾರಿಗೆ ಸಾಕು. ಬೆಳಗ್ಗೆ ಬೇಯಿಸಿದ್ದು ಸಂಜೆಗೆ ಹಳಸಿದ್ದರೆ ಎಸೆಯಿರಿ. ಡಬ್ಬದ ಅಳತೆ ಬೇಡ: ಅದೇ ಡಬ್ಬಕ್ಕೆ ಕಾಳು ತುಂಬಿದರೆ ಬೂಸಾದ ಎರಡರಷ್ಟಕ್ಕೂ ಹೆಚ್ಚು ತೂಗುತ್ತದೆ. ಮೇವಿನಲ್ಲಿ ಯಾವ ಬದಲಾವಣೆಯಾದರೂ ಹತ್ತು ದಿನ ಹಿಡಿದು ಸ್ವಲ್ಪಸ್ವಲ್ಪವಾಗಿ ಆಗಲಿ.

ಗೋಧಿ ಬೂಸಾ ಹೊಟ್ಟೆಗೆ ತಂಪು ಎನ್ನುವವರು ಅದರ ರಂಜಕವನ್ನು (ಫಾಸ್ಫರಸ್) ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಏಳೆಂಟು ಪಟ್ಟು ಹೆಚ್ಚು. ನೇಪಿಯರ್ ಹುಲ್ಲಿನ ಆಕ್ಸಲೇಟ್ ಎಂಬ ಅಂಶ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇವೆರಡನ್ನೇ ತಿಂಗಳುಗಟ್ಟಲೆ ತಿಂದ ಕುದುರೆಯ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕೀಳತೊಡಗುತ್ತದೆ, ದವಡೆ ಊದಿಕೊಳ್ಳುತ್ತದೆ. ಒಂದೆರಡು ಕಿಲೋ ಒಣಗಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಸೇರಿಸಿದರೆ ಕ್ಯಾಲ್ಸಿಯಂ-ರಂಜಕದ ಲೆಕ್ಕ ಸರಿಹೋಗುತ್ತದೆ. ಹೆಸರಿನಲ್ಲೇ ಕುದುರೆ ಇದ್ದರೂ ಅದನ್ನು ಹಸುಗಳಿಗಷ್ಟೇ ಕೊಯ್ಯುವುದನ್ನು ನೋಡಿದ್ದೇನೆ!

ಬೇಗ ದಣಿಯುವುದಕ್ಕೆ ಉಪ್ಪಿನ ಕೊರತೆಯೂ ಕಾರಣವಿರಬಹುದು. ಬೆವರಿನಲ್ಲಿ ಹೋಗುವ ಸೋಡಿಯಂ ಹುಲ್ಲಿನಿಂದ ಹಿಂದಿರುಗುವುದಿಲ್ಲ. ದಿನಕ್ಕೆ 25-30 ಗ್ರಾಂ ಅಡುಗೆ ಉಪ್ಪನ್ನು ಮೇವಿಗೆ ಬೆರೆಸಿ, ಬಕೆಟ್ಟಿನಲ್ಲಿ ಸದಾ ನೀರಿರಲಿ.

ಟಾನಿಕ್? ಯಾವ ಕೊರತೆಗೆ ಎಂದು ಹೇಳಲಾಗದಿದ್ದರೆ ಕೊಡಬೇಡಿ. ಗೊರಸು ಬಿರಿಯುತ್ತಿದ್ದರೆ ಬಯೋಟಿನ್ ಎಂಬ ವಿಟಮಿನ್ ನೆರವಾಗಬಹುದು, ಆದರೆ ಆರೇಳು ತಿಂಗಳು ಕಾಯಬೇಕು. ಹದಿನೈದು ದಿನದಲ್ಲಿ ಗುಣ ಎಂದು ಬರೆದ ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಸೆಲೆನಿಯಂ ಎಂಬ ಖನಿಜ ದಿನಕ್ಕೆ ಬೇಕಾದದ್ದು 1 ಮಿಲಿಗ್ರಾಂ ಆಸುಪಾಸು. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪಂದ್ಯಕ್ಕೆ ಮುನ್ನ ಚುಚ್ಚುಮದ್ದಾಗಿ ಕೊಟ್ಟ ಪೂರಕದಲ್ಲಿ ಅದು ಮಿತಿಮೀರಿ, 21 ಪೋಲೊ ಕುದುರೆಗಳು ಸತ್ತವು. ಕೋಳಿ ಆಹಾರವನ್ನಂತೂ ಲಾಯದ ಹತ್ತಿರ ಬಿಡಬೇಡಿ. ಅದರಲ್ಲಿ ಮೊನೆನ್ಸಿನ್ ಬೆರೆಸಿರುವುದುಂಟು. ಕೋಳಿಗೆ ಔಷಧವಾದ ಅದು ತೀರ ಸ್ವಲ್ಪ ಪ್ರಮಾಣದಲ್ಲೇ ಕುದುರೆಯ ಹೃದಯವನ್ನು ಕೆಡಿಸುತ್ತದೆ.

ಹುಲ್ಲು ಸರಿಯಾದ ಮೇಲೂ ಮೈ ತುಂಬದಿದ್ದರೆ ಬಾಯಿ ನೋಡಿಸಿ. ಹಲ್ಲಿನ ಅಂಚು ಚೂಪಾದ ಕುದುರೆ ಅಗಿದ ಹುಲ್ಲನ್ನು ಉಂಡೆಯಾಗಿ ಉಗುಳುತ್ತದೆ, ಗೋದಲಿಯ ಕೆಳಗೆ ಹುಡುಕಿದರೆ ಸಿಗುತ್ತದೆ. ಜಂತುಹುಳುವಿಗಾಗಿ ಲದ್ದಿಯ ಪರೀಕ್ಷೆಯೂ ಆಗಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವೇನಲ್ಲ.

ಇನ್ನು ಬೆಲ್ಲ. ಅಡಿಕೆಯಷ್ಟು ತುಂಡು, ಸವಾರಿ ಮುಗಿದ ಮೇಲೆ, ಮಗಳು ಕೊಡಲಿ. ಬೆರಳು ಮಡಿಸದೆ ಅಂಗೈಯನ್ನು ದೋಸೆ ಹಂಚಿನ ಹಾಗೆ ಚಪ್ಪಟೆಯಾಗಿಡಲು ಹೇಳಿಕೊಡಿ. ಕುದುರೆಗೆ ಬೆಲ್ಲವೂ ಬೆರಳೂ ಬೇರೆಬೇರೆಯಾಗಿ ಕಾಣುವುದಿಲ್ಲ.