ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಕರೆಂಟ್: ಯಾತಕ್ಕೆ, ಎಲ್ಲಿಗೆ, ಎಷ್ಟು ಸಲ

“ಎಷ್ಟ್ ಸಲ ಬರಬೇಕಾಗ್ತದ್ರಿ?”

ಸುರಪುರದ ಕಡೆಯ ಹಳ್ಳಿಯಿಂದ ಅಪ್ಪನನ್ನು ಕರೆದುಕೊಂಡು ಬಂದಿದ್ದ ಮಗ ಕೇಳಿದ ಮೊದಲ ಮಾತು ಇದು. ಕಲಬುರಗಿಯಲ್ಲಿ ನನ್ನ ರೇಡಿಯೋಥೆರಪಿ ಪೋಸ್ಟಿಂಗ್ ಶುರುವಾಗಿ ಅದು ಎರಡನೇ ವಾರ. ಅವನ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಒಳಗೆ ಮಡಚಿ ಮಡಚಿ ಗೆರೆ ಬಿದ್ದ ಎಂಆರ್‌ಐ ಫಿಲ್ಮು, ಬಯಾಪ್ಸಿ ವರದಿ, ಮೂರು ಪಿಎಸ್‌ಎ (ಪ್ರಾಸ್ಟೇಟ್ ರೋಗದ ಸುಳಿವು ಕೊಡುವ ರಕ್ತಪರೀಕ್ಷೆ) ಚೀಟಿ. ಅಪ್ಪ ಬೆಂಚಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಸೊಂಟನೋವನ್ನು ವಾಯು ಅಂದುಕೊಂಡು ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡು, ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದವರು.

ಆ ಪ್ರಶ್ನೆಯನ್ನು ನಾನು ಆವತ್ತು ಹಗುರವಾಗಿ ತೆಗೆದುಕೊಂಡೆ. ಪುಸ್ತಕದಲ್ಲಿ ಅದು ಕಟ್ಟಕಡೆಗೆ ಬರುವ ವಿಷಯ: ಮೊದಲು ಹಂತ, ಆಮೇಲೆ ಗ್ಲೀಸನ್ ಅಂಕ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಬಯಾಪ್ಸಿಯಲ್ಲಿ ಕೊಡುವ ಅಂಕ), ಆಮೇಲೆ ಡೋಸು, ಕೊನೆಗೆ ದಿನಗಳ ಲೆಕ್ಕ. ಆದರೆ “ಎಷ್ಟು ಸಲ” ಎಂಬುದಕ್ಕೆ ಉತ್ತರ ಹೇಳಬೇಕಾದರೆ “ಯಾತಕ್ಕೆ” ಎಂಬುದು ಮೊದಲು ಇತ್ಯರ್ಥವಾಗಿರಬೇಕು. ಈ ರೋಗದಲ್ಲಿ ನಿರ್ಧಾರ ಎಡವುವುದು ಅಲ್ಲಿಯೇ. ವೈವಾ (ಮೌಖಿಕ ಪರೀಕ್ಷೆ) ಹತ್ತಿರ ಬಂದಿರುವ ಗೆಳೆಯರಿಗೂ ಜೂನಿಯರ್‌ಗಳಿಗೂ ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಪದದಿಂದ ಶುರು ಮಾಡೋಣ. ನಮ್ಮ ಕಡೆ ರೇಡಿಯೇಷನ್ ಅಂದರೆ “ಕರೆಂಟ್ ಕೊಡೋದು”. ಕೇಳಿದವರಿಗೆ ಕಣ್ಣ ಮುಂದೆ ಬರುವುದು ವೈರು, ಶಾಕು. ಆ ಭಯಕ್ಕೇ ಮನೆಗೆ ವಾಪಸ್ ಹೋದವರಿದ್ದಾರೆ. ಆದ್ದರಿಂದ ರೋಗಿ ಕೇಳದಿದ್ದರೂ ನಾವೇ ಹೇಳಬೇಕು: ಇದು ಎಕ್ಸ್‌ರೇ ಜಾತಿಯದೇ ಕಿರಣ, ಅದಕ್ಕಿಂತ ಬಹಳ ಬಲದ್ದು, ಬೀಳುವಾಗ ನೋವಿಲ್ಲ, ಬಿಸಿ ಇಲ್ಲ, ಯಂತ್ರ ನಿಂತ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು.

ಎಲ್ಲಿಯವರೆಗೆ ಮುಂದುವರಿದಿದೆ?

“ಅಡ್ವಾನ್ಸ್ಡ್” ಎಂಬ ಒಂದೇ ಪದದ ಕೆಳಗೆ ಬೇರೆ ಬೇರೆ ಹಣೆಬರಹದ ರೋಗಿಗಳಿದ್ದಾರೆ. ಪ್ರಾಸ್ಟೇಟ್ ಗ್ರಂಥಿಯ ಹೊದಿಕೆ ದಾಟಿ ವೀರ್ಯಕೋಶಕ್ಕೋ ಮೂತ್ರಕೋಶದ ಗೋಡೆಗೋ ಹಬ್ಬಿದ, ಆದರೆ ಎಲುಬಿಗಾಗಲಿ ಬೇರೆ ಅಂಗಕ್ಕಾಗಲಿ ಹೋಗದ ರೋಗವೂ ಅಡ್ವಾನ್ಸ್ಡೇ. ಅದನ್ನು ಸ್ಥಳೀಯವಾಗಿ ಮುಂದುವರಿದದ್ದು ಅನ್ನುತ್ತಾರೆ. ಇಲ್ಲಿ ಕಿರಣ ಕೊಡುವುದು ಗುಣಪಡಿಸುವ ಉದ್ದೇಶದಿಂದಲೇ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ “ಅಡ್ವಾನ್ಸ್ ಆಗ್ಯದ” ಅಂತ ಕಿವಿಗೆ ಬಿದ್ದ ಕೂಡಲೇ ಮನೆಯವರು ಕೈಚೆಲ್ಲುವುದನ್ನು ಕಂಡಿದ್ದೇನೆ. 2009ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಎಸ್‌ಪಿಸಿಜಿ-7 ಅಧ್ಯಯನದಲ್ಲಿ ಇಂಥ 875 ಗಂಡಸರಿದ್ದರು. ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನನ್ನು ತಡೆಯುವ ಹಾರ್ಮೋನ್ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಹತ್ತು ವರ್ಷದೊಳಗೆ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ಸತ್ತವರು ಶೇ. 23.9, ಜೊತೆಗೆ ರೇಡಿಯೇಷನ್ ಪಡೆದವರಲ್ಲಿ ಶೇ. 11.9. ಅರ್ಧಕ್ಕರ್ಧ ಇಳಿಕೆ. ಇಂಥವರಿಗೆ ವಾರಗಟ್ಟಲೆ ಬರಲು ಹೇಳುವುದಕ್ಕೆ ನ್ಯಾಯವಿದೆ, ಜೊತೆಗೆ ಎರಡು ಮೂರು ವರ್ಷ ಹಾರ್ಮೋನ್ ಚಿಕಿತ್ಸೆಯೂ ನಡೆಯುತ್ತದೆ. ಕಿಬ್ಬೊಟ್ಟೆಯ ದುಗ್ಧಗ್ರಂಥಿಯ ಗಂಟುಗಳಿಗೂ (ಲಿಂಫ್ ನೋಡ್) ಸೇರಿಸಿ ಕೊಡಬೇಕೆ ಎಂಬ ಪ್ರಶ್ನೆಗೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪಾಪ್-ಆರ್‌ಟಿ ಅಧ್ಯಯನ ಓದಿ. ಗಂಟಿಗೆ ಹರಡುವ ಅಪಾಯ ಹೆಚ್ಚಿದ್ದ 224 ರೋಗಿಗಳಲ್ಲಿ ಐದು ವರ್ಷದವರೆಗೆ ಪಿಎಸ್‌ಎ ಮತ್ತೆ ಏರದೆ ಉಳಿದವರು, ಇಡೀ ಪೆಲ್ವಿಸ್‌ಗೆ ಕೊಟ್ಟಾಗ ಶೇ. 95, ಪ್ರಾಸ್ಟೇಟಿಗೆ ಮಾತ್ರ ಕೊಟ್ಟಾಗ ಶೇ. 81.2. ಒಟ್ಟು ಆಯುಷ್ಯದಲ್ಲಿ ಆ ಹೊತ್ತಿಗೆ ವ್ಯತ್ಯಾಸ ಕಂಡಿರಲಿಲ್ಲ ಎಂಬುದನ್ನೂ ವೈವಾದಲ್ಲಿ ಬಿಡದೆ ಹೇಳಿ.

ಎಲುಬಿಗೆ ಹೋದ ಮೇಲೆ ಲೆಕ್ಕ ಬದಲಾಗುತ್ತದೆ. ಎಲುಬಿಗೇ ಹೋದ ಮೇಲೆ ಮೂಲ ಗ್ರಂಥಿಗೆ ಕಿರಣ ಕೊಟ್ಟು ಏನು ಪ್ರಯೋಜನ ಎಂಬುದು ಹಳೆಯ ವಾದ. 2018ರಲ್ಲಿ ಸ್ಟ್ಯಾಂಪೀಡ್ ಅಧ್ಯಯನ ಅದಕ್ಕೆ ಎರಡು ತುಂಡಾಗಿ ಉತ್ತರ ಕೊಟ್ಟಿತು. 2,061 ರೋಗಿಗಳನ್ನು ಒಟ್ಟಾಗಿ ನೋಡಿದರೆ ಆಯುಷ್ಯ ಹೆಚ್ಚಲಿಲ್ಲ. ಆದರೆ ಹರಡಿಕೆ ಕಡಿಮೆ ಇದ್ದವರಲ್ಲಿ ಮೂರು ವರ್ಷದ ಕೊನೆಗೆ ಬದುಕಿದ್ದವರು ಶೇ. 73ರಿಂದ 81ಕ್ಕೆ ಏರಿದರು. ಹೆಚ್ಚು ಹರಡಿದವರಿಗೆ ಆ ಲಾಭ ಸಿಗಲಿಲ್ಲ.

ಹಾಗಾದರೆ ಕಡಿಮೆ ಅಂದರೆ ಎಷ್ಟು? ಪರೀಕ್ಷೆಯಲ್ಲಿ ಹೆಚ್ಚು ಮಂದಿ ತಪ್ಪುವುದು ಇಲ್ಲಿ. ಯಕೃತ್ತು, ಶ್ವಾಸಕೋಶದಂಥ ಒಳಾಂಗಕ್ಕೆ ಹೋಗಿದ್ದರೆ ಅದು ಹೆಚ್ಚು. ಎಲುಬಿನಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕಡೆ ಇದ್ದು, ಅದರಲ್ಲಿ ಒಂದಾದರೂ ಬೆನ್ನುಹುರಿ ಕಾಪಾಡುವ ಕಶೇರು ಮತ್ತು ಸೊಂಟದ ಎಲುಬು ಬಿಟ್ಟು ಬೇರೆಡೆ, ಅಂದರೆ ಪಕ್ಕೆಲುಬಿನಲ್ಲೋ ತೊಡೆ ಎಲುಬಿನಲ್ಲೋ ಇದ್ದರೆ ಅದೂ ಹೆಚ್ಚು. ಉಳಿದದ್ದು ಕಡಿಮೆ. ಬರೀ ನಾಲ್ಕು ಅಂತ ಎಣಿಸಿದರೆ ಸಾಲದು, ಎಲ್ಲಿ ಎಂಬುದೂ ಬೇಕು. ಈ ಎಣಿಕೆ ಮಾಡಿದ್ದು ಬೋನ್ ಸ್ಕ್ಯಾನ್ ಮತ್ತು ಸಿಟಿಯ ಮೇಲೆ. ಈಗ ಪಿಎಸ್‌ಎಂಎ ಪೆಟ್ ಎಂಬ ಹೆಚ್ಚು ಸೂಕ್ಷ್ಮ ಸ್ಕ್ಯಾನ್ ಮಾಡಿಸಿಕೊಂಡು ಬರುವವರಲ್ಲಿ ಸಣ್ಣ ಚುಕ್ಕೆಗಳೂ ಕಾಣುತ್ತವೆ. ಅವನ್ನೆಲ್ಲ ಎಣಿಸಿ “ಹೆಚ್ಚು” ಅಂತ ಬರೆದುಬಿಟ್ಟರೆ, ಕಿರಣದಿಂದ ಲಾಭ ಪಡೆಯಬಹುದಾದ ರೋಗಿಯನ್ನೇ ಹೊರಗಿಟ್ಟಂತೆ ಆದೀತು.

ಸ್ಟ್ಯಾಂಪೀಡ್ ನಡೆದಾಗ ಬಹುಪಾಲು ರೋಗಿಗಳಿಗೆ ಹಾರ್ಮೋನ್ ತಡೆ ಮಾತ್ರ ಇತ್ತು. ಈಗ ಹಾರ್ಮೋನನ್ನು ಇನ್ನಷ್ಟು ತಡೆಯುವ ಅಬಿರಾಟೆರಾನ್‌ನಂಥ ಮಾತ್ರೆಗಳು ಜೊತೆಗೆ ಸೇರಿವೆ. ಪೀಸ್-1 ಅಧ್ಯಯನದಲ್ಲಿ ಹರಡಿಕೆ ಕಡಿಮೆ ಇದ್ದವರಿಗೆ ಕಿರಣದಿಂದ ಆಯುಷ್ಯ ಹೆಚ್ಚಿದ್ದು ಸಾಬೀತಾಗಲಿಲ್ಲ, ಆದರೆ ಅಬಿರಾಟೆರಾನ್ ಜೊತೆ ಕೊಟ್ಟಾಗ ರೋಗ ಮುಂದುವರಿಯುವುದು ತಡವಾಯಿತು. ಹರಡಿಕೆ ಎಷ್ಟೇ ಇರಲಿ, ಮೂತ್ರ ಕಟ್ಟುವುದು ಮುಂತಾದ ಗಂಭೀರ ತೊಂದರೆಗಳೂ ಕಡಿಮೆಯಾದವು. ನನ್ನ ಮಟ್ಟಿಗೆ ಇದು ಸಣ್ಣ ಲಾಭವಲ್ಲ. ರಾತ್ರಿ ಎರಡಕ್ಕೆ ಮೂತ್ರ ಕಟ್ಟಿದ ಮುದುಕರನ್ನು ಶಹಾಪುರದಿಂದಲೋ ಔರಾದದಿಂದಲೋ ಗಾಡಿ ಹಿಡಿದು ಕರೆತರುವ ಮನೆಯವರ ಮುಖ ಕಂಡವರಿಗೆ ಅದರ ಬೆಲೆ ಗೊತ್ತಾಗುತ್ತದೆ.

36 ದೊಡ್ಡದೋ 55 ದೊಡ್ಡದೋ?

ಸ್ಟ್ಯಾಂಪೀಡ್‌ನಲ್ಲಿ ಎರಡು ಕ್ರಮಗಳಿದ್ದವು: ದಿನಕ್ಕೊಂದರಂತೆ ನಾಲ್ಕು ವಾರ, 20 ಸಲ, ಒಟ್ಟು 55 ಗ್ರೇ, ಅಥವಾ ವಾರಕ್ಕೊಂದೇ ಸಲದಂತೆ ಆರು ವಾರ, ಒಟ್ಟು 36 ಗ್ರೇ. ಗ್ರೇ ಅಂದರೆ ಒಂದು ಕಿಲೋ ಅಂಗಾಂಶ ಹೀರಿಕೊಂಡ ಒಂದು ಜೂಲ್ ಶಕ್ತಿ. ಎರಡನೆಯದು ಬಡವರ ಪಾಲಿನ ಕಡಿಮೆ ಡೋಸು ಅಂತಲೇ ನಾನು ಮೊದಲು ನಂಬಿದ್ದೆ. ತಪ್ಪು. ಡೋಸಿನ ಲೆಕ್ಕ ನೋಡುವ ನಮ್ಮ ಫಿಸಿಸಿಸ್ಟ್ ಪೆನ್ನು ಕೊಟ್ಟು ಲೆಕ್ಕ ಮಾಡಿಸಿದರು.

ದಿನಕ್ಕೆ 2 ಗ್ರೇ ಕೊಟ್ಟಿದ್ದರೆ ಎಷ್ಟಕ್ಕೆ ಸಮವಾಗುತ್ತಿತ್ತು ಎಂದು ಕಂಡುಹಿಡಿಯಲು, ಒಟ್ಟು ಡೋಸನ್ನು ಒಂದು ಸಲದ ಡೋಸು ಮತ್ತು ಆಲ್ಫಾ-ಬೀಟಾ ಅನುಪಾತದ (ಒಂದು ಸಲದ ಡೋಸಿನ ಗಾತ್ರಕ್ಕೆ ಅಂಗಾಂಶ ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) ಮೊತ್ತದಿಂದ ಗುಣಿಸಿ, 2 ಮತ್ತು ಅದೇ ಅನುಪಾತದ ಮೊತ್ತದಿಂದ ಭಾಗಿಸಬೇಕು. ಪ್ರಾಸ್ಟೇಟ್ ಕ್ಯಾನ್ಸರಿಗೆ ಅನುಪಾತವನ್ನು 1.5 ಅಂತ ಇಟ್ಟುಕೊಳ್ಳಿ. 55 ಗ್ರೇಯಲ್ಲಿ ಒಂದು ಸಲಕ್ಕೆ 2.75. 55ನ್ನು 4.25ರಿಂದ ಗುಣಿಸಿ 3.5ರಿಂದ ಭಾಗಿಸಿದರೆ ಸುಮಾರು 67. 36 ಗ್ರೇಯಲ್ಲಿ ಒಂದು ಸಲಕ್ಕೆ 6. 36ನ್ನು 7.5ರಿಂದ ಗುಣಿಸಿ 3.5ರಿಂದ ಭಾಗಿಸಿದರೆ ಸುಮಾರು 77. ಆರೇ ಸಲ ಬಂದ ರೋಗಿಗೆ ಈ ಲೆಕ್ಕದಲ್ಲಿ ಕಡಿಮೆ ಬಿದ್ದಿಲ್ಲ. ಈ ಕ್ಯಾನ್ಸರಿನ ಅನುಪಾತ ಕೆಳಗಿರುವುದರಿಂದ ಒಂದೊಂದು ಸಲದ ಡೋಸು ದೊಡ್ಡದಾದಷ್ಟೂ ಪೆಟ್ಟು ಜೋರು. ಗುದನಾಳಕ್ಕೂ ಮೂತ್ರಕೋಶಕ್ಕೂ ಅದೇ ಕಾರಣಕ್ಕೆ ಹುಷಾರಾಗಿರಬೇಕು.

ಸುರಪುರದಿಂದ ಶಹಾಪುರ, ಜೇವರ್ಗಿ ದಾಟಿ, ಭೀಮೆಯ ಸೇತುವೆ ದಾಟಿ ಬರುವ ಬಸ್ಸಿನಲ್ಲಿ ಇಪ್ಪತ್ತು ಸಲ ಕೂರುವುದಕ್ಕೂ ಆರು ಸಲ ಕೂರುವುದಕ್ಕೂ ಇರುವ ವ್ಯತ್ಯಾಸ ತೊಗರಿ ರಾಶಿಯ ದಿನಗಳಲ್ಲಿ ಇನ್ನೂ ದೊಡ್ಡದು. ಚಿಕಿತ್ಸೆಯ ಖರ್ಚು ಆಯುಷ್ಮಾನ್ ಕಾರ್ಡಿನಲ್ಲಿ ನಡೆದರೂ ಕೂಲಿ ಹೋಗುವುದು ಮನೆಯವರದ್ದೇ. ಪ್ರಯಾಣದ ದೂರವನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ ಎಂದು ರೋಗಿಗಳಿಗೆ ತಿಳಿಸುವುದು ನಮ್ಮ ಕೆಲಸದ ಭಾಗ.

ಪ್ರಾಸ್ಟೇಟಿಗೇ ಕೊಡುವಾಗ ಇನ್ನೊಂದು ಸಂಗತಿ: ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿ ಇರಬೇಕು. ತುಂಬಿದ ಮೂತ್ರಕೋಶ ಸಣ್ಣ ಕರುಳನ್ನು ಮೇಲೆ ತಳ್ಳುತ್ತದೆ. ಗುದನಾಳದ ಗಾಳಿ ಪ್ರಾಸ್ಟೇಟನ್ನು ಮುಂದೆ ನೂಕುತ್ತದೆ. ಬೆಳಿಗ್ಗೆ ಕಡಲೆ, ಹೆಸರುಕಾಳು ತಿಂದು ಬಂದವರನ್ನು ಸ್ಕ್ಯಾನ್ ನೋಡಿ ಟೇಬಲ್ಲಿನಿಂದ ಇಳಿಸಿ ಕಳಿಸಿದ್ದುಂಟು. ಏಪ್ರಿಲ್ ಬಿಸಿಲಿನಲ್ಲಿ ಕುಡಿದ ನೀರೆಲ್ಲ ಬೆವರಾಗಿ ಹೋಗಿರುತ್ತದೆ, ಆದ್ದರಿಂದ ಬಂದ ಮೇಲೆ ನಮ್ಮೆದುರೇ ಅಳತೆ ಮಾಡಿ ಕುಡಿಸುವುದು ವಾಸಿ.

ನೋವಿಗೆ ಒಂದೇ ಸಲ

ಆ ಸುರಪುರದ ಹಿರಿಯರಿಗೆ ಪಕ್ಕೆಲುಬು, ತೊಡೆ, ಸೊಂಟದ ಕಶೇರುಗಳಲ್ಲೆಲ್ಲ ಚುಕ್ಕೆ ಇದ್ದವು. ಮೂತ್ರಕ್ಕೆ ತೊಂದರೆ ಇರಲಿಲ್ಲ. ಆದ್ದರಿಂದ ಡಾಕ್ಟರು ಪ್ರಾಸ್ಟೇಟಿಗೆ ಕೊಡುವ ಮಾತು ಬಿಟ್ಟರು. ಮೊದಲ ಮದ್ದು ಹಾರ್ಮೋನ್ ತಡೆಯುವುದು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟ ದಾರಿ, 1966ರಲ್ಲಿ ಅವರಿಗೆ ನೊಬೆಲ್ ತಂದದ್ದು. ತಿಂಗಳು ತಿಂಗಳು ಇಂಜೆಕ್ಷನ್ ತಪ್ಪಿಸಿಕೊಳ್ಳುವ ಭಯವಿದ್ದ ಕಾರಣ ಆ ಹಾರ್ಮೋನನ್ನು ಮಾಡುವ ವೃಷಣವನ್ನೇ ತೆಗೆಸುವ ಸಣ್ಣ ಆಪರೇಷನ್ನಿಗೆ ಅಪ್ಪ-ಮಗ ಕೂತು ಮಾತಾಡಿ ಒಪ್ಪಿದರು. ಆ ಮಾತುಕತೆಗೆ ಅರ್ಧ ದಿನ ಹಿಡಿಯಿತು, ಹಿಡಿಯಬೇಕಾದದ್ದೇ.

ಕಿರಣದ ಕೆಲಸ ಅವರಲ್ಲಿ ಒಂದೇ, ಸೊಂಟನೋವು. ಎಲುಬಿನ ನೋವಿಗೆ 8 ಗ್ರೇ ಒಂದೇ ಸಲ ಕೊಟ್ಟರೂ, 20 ಗ್ರೇ ಐದು ಸಲ ಅಥವಾ 30 ಗ್ರೇ ಹತ್ತು ಸಲ ಕೊಟ್ಟರೂ ನೋವು ಇಳಿಯುವ ಪ್ರಮಾಣ ಸರಿಸುಮಾರು ಒಂದೇ, ಹತ್ತರಲ್ಲಿ ಆರು ಮಂದಿಗೆ. ಒಂದೇ ಸಲ ಪಡೆದವರಿಗೆ ಮುಂದೆ ಮತ್ತೆ ಕೊಡಬೇಕಾಗುವುದು ಹೆಚ್ಚು, ಶೇ. 20ರಷ್ಟು, ಹೆಚ್ಚು ಸಲ ಪಡೆದವರಲ್ಲಿ ಶೇ. 8ರಷ್ಟು. ಹತ್ತು ಸಲ ಓಡಾಡಿಸುವ ಮುಂಚೆ ಈ ಎರಡು ಸಂಖ್ಯೆ ನೆನಪಿರಲಿ.

ಒಂದು ಎಚ್ಚರಿಕೆ, ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಬೆನ್ನುನೋವು ಮಲಗಿದಾಗ ಹೆಚ್ಚಾದರೆ, ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾದರೆ, ಕಾಲು ಜೋಮು ಹಿಡಿದರೆ, ನಡೆಯುವಾಗ ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ, ಮೂತ್ರ ಹಿಡಿತ ತಪ್ಪಿದರೆ ಅದು ಬೆನ್ನುಹುರಿ ಒತ್ತಿದ ಲಕ್ಷಣ. ಸೋಮವಾರದ ಒಪಿಡಿಗೆ ಕಾಯುವಂತಿಲ್ಲ. ತಕ್ಷಣ ಸ್ಟೆರಾಯ್ಡ್, ಇಡೀ ಬೆನ್ನಿನ ಎಂಆರ್‌ಐ, ಆಮೇಲೆ ಆಪರೇಷನ್ನೋ ಕಿರಣವೋ ಎಂಬ ತೀರ್ಮಾನ. ನಡೆದುಕೊಂಡು ಬಂದವರು ನಡೆಯುತ್ತ ಉಳಿಯುವ ಸಾಧ್ಯತೆ ಹೆಚ್ಚು. ಹೊತ್ತು ತರಬೇಕಾಗಿ ಬಂದವರು ಮತ್ತೆ ಎದ್ದು ನಡೆಯುವುದು ವಿರಳ. ಆ ಹಿರಿಯರ ಹುರಿಗೆ ಒತ್ತಡ ಇರಲಿಲ್ಲ. ಎಂಟು ತಿಂಗಳು ಎಣ್ಣೆ ಹಚ್ಚಿಸಿಕೊಂಡು ಓಡಾಡಿದವರ ಪಾಲಿಗೆ ಅದು ದೊಡ್ಡ ಅದೃಷ್ಟ.

8 ಗ್ರೇ ಕೊಟ್ಟ ದಿನ ಟೇಬಲ್ಲಿನ ಮೇಲೆ ಇದ್ದದ್ದು ಹತ್ತೋ ಹನ್ನೆರಡೋ ನಿಮಿಷ. “ಆತೇನ್ರಿ? ಏನೂ ಗೊತ್ತೇ ಆಗ್ಲಿಲ್ಲಲ್ಲ” ಅಂದರು. ಎರಡನೇ ರಾತ್ರಿ ನೋವು ಏರಿತು ಅಂತ ಮಗನ ಫೋನ್. ಮೊದಲ ಕೆಲವು ದಿನ ಹಾಗೆ ಉರಿ ಏಳುವುದುಂಟು ಎಂದು ಮೊದಲೇ ಹೇಳಿ, ಮಾತ್ರೆ ಬರೆಸಿ ಕಳಿಸಿದ್ದರಿಂದ ಗಾಬರಿಯಾಗಿರಲಿಲ್ಲ. ಮೂರನೇ ವಾರ ಬಂದಾಗ ಅದೇ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು.

“ಮತ್ತ ನೋವು ಬಂದ್ರ ಅದೇ ಜಾಗಕ್ಕ ಕೊಡ್ಲಿಕ್ಕ ಬರ್ತದೇನ್ರಿ?” ಮಗ ಕೇಳಿದ. ಬರುತ್ತದೆ, ಕನಿಷ್ಠ ನಾಲ್ಕು ವಾರ ಕಳೆದ ಮೇಲೆ, ಮೊದಲು ಬಿದ್ದದ್ದನ್ನು ಲೆಕ್ಕ ಹಾಕಿ. ಅದಕ್ಕಾಗಿ ಯಾವ ಕಶೇರುವಿಗೆ, ಯಾವ ತಾರೀಖು, ಎಷ್ಟು ಗ್ರೇ, ಎಷ್ಟು ಸಲ ಎಂದು ಬರೆದ ಚೀಟಿ ಬೇಕು, ಮುಂದೆ ಅವರು ಸೊಲ್ಲಾಪುರಕ್ಕೆ ಹೋಗಲಿ, ಹೈದರಾಬಾದಿಗೆ ಹೋಗಲಿ. ಬರೆದುಕೊಟ್ಟೆ. ಅವನು ಅದನ್ನು ಎರಡು ಸಲ ಓದಿ, ಮಡಚದೆ, ಫಿಲ್ಮಿನ ಜೊತೆ ಬಟ್ಟೆ ಅಂಗಡಿಯ ಚೀಲಕ್ಕೆ ಇಳಿಸಿದ.