ರಿಕವರಿ ಅಂದರೆ ಯಾವುದರ ರಿಕವರಿ?

ಲ್ಯಾಪ್‌ಟಾಪ್ ಕೆಟ್ಟಾಗ ‘ರಿಕವರಿ’ ಎಂಬ ಮಾತು ನಾಲ್ಕು ಕಡೆ ಎದುರಾಗುತ್ತದೆ. ವಿಂಡೋಸ್ ಏಳದಿದ್ದಾಗ ನೀಲಿ ಪರದೆಯಲ್ಲಿ ಬರುವ ರಿಕವರಿ ಒಂದು. ಡಿಸ್ಕಿನ ಮೂಲೆಯಲ್ಲಿ ತಯಾರಕರೇ ಇಟ್ಟಿರುವ ರಿಕವರಿ ಪಾರ್ಟಿಷನ್ ಇನ್ನೊಂದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಕೇಳುವ ರಿಕವರಿ ಕೀ ಮತ್ತೊಂದು. ಅಂಗಡಿಯ ಬೋರ್ಡಿನ ಮೇಲಿರುವ ‘ಡಾಟಾ ರಿಕವರಿ’ ಕೊನೆಯದು. ಮೊದಲಿನ ಎರಡಕ್ಕೆ ಬೇಕಿರುವುದು ಆಪರೇಟಿಂಗ್ ಸಿಸ್ಟಮ್ (ಓಎಸ್) ಮತ್ತೆ ಏಳುವುದು ಅಷ್ಟೇ, ನಿಮ್ಮ ಫೈಲುಗಳ ಗೊಡವೆ ಅವಕ್ಕಿಲ್ಲ. ರಿಕವರಿ ಪಾರ್ಟಿಷನ್‌ನಿಂದ ಫ್ಯಾಕ್ಟರಿ ರಿಸೆಟ್ ಮಾಡಿದರೆ ಯಂತ್ರ ಕೊಂಡು ತಂದ ದಿನದ ಹಾಗಾಗುತ್ತದೆ, ಮದುವೆಯ ಫೋಟೊ, ಪ್ರಬಂಧದ ಕರಡು ಎಲ್ಲ ಹೋಗುತ್ತದೆ. ಚೆನ್ನಾಗಿದ್ದ ಡಿಸ್ಕಿನಿಂದ ಫೈಲು ಕಳೆಯುವುದು ಬಹುಮಟ್ಟಿಗೆ ಈ ಗೊಂದಲದಲ್ಲೇ.

ಹಾಗಾಗಿ ಕ್ರಮ ಒಂದೇ: ಮೊದಲು ಫೈಲು ಹೊರಗೆ ತೆಗೆಯುವುದು, ಆಮೇಲೆ ಓಎಸ್ ಸರಿಮಾಡುವುದು. ಫೈಲು ಬೇರೆ ಡಿಸ್ಕಿಗೆ ಹೋಗುವ ತನಕ ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಓಎಸ್ ಕೆಡುವುದೆಂದರೆ ಏನು? ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡಿನಲ್ಲಿ ಮೊದಲು ಓಡುವ ಪ್ರೋಗ್ರಾಮ್ ಯುಇಎಫ್‌ಐ (ಹಳೆಯ ರೂಢಿಯ ಹೆಸರು ಬಯೋಸ್) ಮೊದಲು ಹುಡುಕುವುದು ಸಾಮಾನ್ಯವಾಗಿ 100 ಎಂಬಿಯ ಒಂದು ಪುಟ್ಟ ಪಾರ್ಟಿಷನ್ನನ್ನು. ಅದರಲ್ಲಿರುವ ಬೂಟ್ ಲೋಡರ್ ಸಿ ಡ್ರೈವಿನಲ್ಲಿರುವ ವಿಂಡೋಸನ್ನು ಎಬ್ಬಿಸುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಪರದೆ ಕಪ್ಪಾಗಿಯೋ ನೀಲಿಯಾಗಿಯೋ ನಿಲ್ಲುತ್ತದೆ. ಶಿರಸಿ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿಬಂದು ಮಾಡುವುದು ಮಾಮೂಲು. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಚಾರ್ಜರ್ ಮೇಲೆಯೇ ಓಡಿಸುವವರಿಗೆ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಇದೇ ಗತಿ. ಆಗ ಕೆಟ್ಟಿರುವುದು ಕೆಲವೇ ಸಿಸ್ಟಮ್ ಫೈಲುಗಳು. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಅತ್ಯಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡಿಗೆ ಹೋಗಿ ಆ ಅಪ್‌ಡೇಟಿನ ಫೈಲನ್ನು ಅಳಿಸಿದರೆ ಯಂತ್ರ ಎದ್ದಿತು. ಬಳಕೆದಾರರ ದಾಖಲೆಗಳು ಇದ್ದಲ್ಲೇ ಇದ್ದವು.

ಅಂಗಡಿಗೆ ಒಯ್ದರೆ ಮೊದಲ ಪ್ರಶ್ನೆ, “ಡಾಟಾ ಬೇಕಾ?” ಬೇಕು ಅಂದರಷ್ಟೇ ಸಾಲದು, ಎಲ್ಲೆಲ್ಲಿದೆ ಅಂತಲೂ ಹೇಳಬೇಕು. ಹೆಚ್ಚಿನದು ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರಿನೊಳಗೆ ನಿಮ್ಮ ಹೆಸರಿನಡಿ ಇರುತ್ತದೆ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಅಲ್ಲಿ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿಬೇಡ, ಪಕ್ಕದ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಕ್ಲೌಡ್ ಸಂಗ್ರಹ) ಫೋಲ್ಡರಿನೊಳಗೆ ಇನ್ನೊಂದು ಡೆಸ್ಕ್‌ಟಾಪ್ ಇರಬಹುದು, ನೋಡಿ. ಅಡಿಕೆ ವ್ಯಾಪಾರಿಗಳು, ಕಿರಾಣಿಯವರು ನೆನಪಿಡಬೇಕಾದದ್ದು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡಾಟಾ ಫೋಲ್ಡರ್. ಅದು ಡಾಕ್ಯುಮೆಂಟ್ಸಿನಲ್ಲಿ ಇರಬೇಕೆಂದಿಲ್ಲ. 10000, 10001 ಎಂಬಂಥ ಸಂಖ್ಯೆಗಳೇ ಹೆಸರಾಗಿರುವ ಫೋಲ್ಡರುಗಳನ್ನು ಹುಡುಕಿ, ಇಡೀ ಫೋಲ್ಡರನ್ನೇ ಎತ್ತಿಕೊಳ್ಳಬೇಕು. ಕ್ರೋಮಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮಾತ್ರ ಫೋಲ್ಡರ್ ನಕಲಿಸಿದರೆ ಬರುವುದಿಲ್ಲ, ಅವು ಹಳೆಯ ವಿಂಡೋಸಿನ ಲಾಗಿನ್ ಜೊತೆ ಬೀಗ ಹಾಕಿಕೊಂಡಿರುತ್ತವೆ.

ಫೈಲು ತೆಗೆಯುವ ಅತಿ ಅಗ್ಗದ ದಾರಿ ಆ ನೀಲಿ ರಿಕವರಿ ಪರದೆಯಲ್ಲೇ ಇದೆ. ವಿಂಡೋಸ್ ಎರಡು ಮೂರು ಸಲ ಏಳಲು ಸೋತರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ತೆರೆದು ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ನೋಟ್‌ಪ್ಯಾಡಿನ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಇಡೀ ಡಿಸ್ಕ್ ಕಾಣುತ್ತದೆ. ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿನಲ್ಲಿ ಪೇಸ್ಟ್. ಇಲ್ಲಿ ಡ್ರೈವಿನ ಅಕ್ಷರಗಳು ಅದಲುಬದಲಾಗಿ ಎಂದಿನ ಸಿ ಡ್ರೈವ್ ಡಿ ಆಗಿರಬಹುದು. ಎಷ್ಟು ನಕಲಾಯಿತೆಂದು ತೋರಿಸುವ ಪಟ್ಟಿಯೂ ಬರುವುದಿಲ್ಲ, ಕಿಟಕಿ ಸತ್ತಂತೆ ನಿಂತಿರುತ್ತದೆ, ಮುಟ್ಟದೆ ಕಾಯಬೇಕು. ಎರಡು ಮೂರು ಜಿಬಿಗೆ ಇದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ಲೈವ್ ಪೆನ್‌ಡ್ರೈವ್ ವಾಸಿ.

ಲೈವ್ ಪೆನ್‌ಡ್ರೈವ್ ಎಂದರೆ ಡಿಸ್ಕಿಗೆ ಇನ್‌ಸ್ಟಾಲ್ ಆಗದೆ ಪೆನ್‌ಡ್ರೈವಿನಿಂದಲೇ ಓಡುವ ಓಎಸ್. ಬೇರೆ ಕಂಪ್ಯೂಟರಿನಲ್ಲಿ ಉಚಿತ ಓಎಸ್ ಲಿನಕ್ಸ್ ಮಿಂಟ್‌ನ ಐಎಸ್‌ಒ (ಇಡೀ ಓಎಸ್ ಅಡಗಿದ ಒಂದು ಫೈಲು) ಇಳಿಸಿ, ರೂಫಸ್ ಎಂಬ ಉಚಿತ ಸಾಧನ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಬರೆಯಬೇಕು. ಬರೆಯುವಾಗ ಆ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಹಳ್ಳಿಯ ಮನೆಯಲ್ಲಿ ನೆಟ್ ನಿಧಾನವಿದ್ದರೆ ಪೇಟೆಯಲ್ಲೇ ಇಳಿಸಿಕೊಂಡು ಬರುವುದು ಒಳ್ಳೆಯದು. ಕೆಟ್ಟ ಯಂತ್ರವನ್ನು ಆ ಪೆನ್‌ಡ್ರೈವಿನಿಂದ ಎಬ್ಬಿಸಲು ಬೂಟ್ ಮೆನು ಬೇಕು, ಅದಕ್ಕೆ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಕೀ. ಏಸರ್‌ನಲ್ಲಿ ಎಫ್12 ಕೆಲಸ ಮಾಡಬೇಕಾದರೆ ಬಯೋಸ್‌ನಲ್ಲಿ ಅದನ್ನು ಮೊದಲು ಚಾಲೂ ಮಾಡಬೇಕಾಗಬಹುದು. ಮಿಂಟ್ ತೆರೆದ ಮೇಲೆ ಡೆಸ್ಕ್‌ಟಾಪಿನಲ್ಲಿ ‘ಇನ್‌ಸ್ಟಾಲ್’ ಎಂಬ ಐಕಾನ್ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಫೈಲ್ಸ್ ತೆರೆದು, ವಿಂಡೋಸ್ ಪಾರ್ಟಿಷನ್ನಿನಿಂದ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲಿಸುವುದಷ್ಟೇ ಕೆಲಸ. ಆ ಡಿಸ್ಕ್ ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂಟಿ ಫೈಲು, ಅಂದರೆ ಮದುವೆಯ ವಿಡಿಯೊದಂಥವು, ಹೋಗುವುದಿಲ್ಲ. ಎಕ್ಸ್‌ಫ್ಯಾಟ್ ಇರಲಿ.

ಇಲ್ಲಿ ಮೂರು ತೊಡಕು ಬರುತ್ತವೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಯಂತ್ರ ಪೂರ್ತಿ ಆರಿರುವುದಿಲ್ಲ, ಲಿನಕ್ಸ್ ಪಾರ್ಟಿಷನ್ ತೆರೆಯಲು ಒಪ್ಪದೆ ಹೋಗಬಹುದು. ಓದಲು ಮಾತ್ರ ಎಂದು ಮೌಂಟ್ ಮಾಡಿದರೆ, ಅಂದರೆ ಬರೆಯದ ಹಾಗೆ ತೆರೆದರೆ, ನಕಲಿಸಲು ಅಡ್ಡಿಯಿಲ್ಲ. ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಡಿಸ್ಕನ್ನು ನಿಭಾಯಿಸುವ ಇಂಟೆಲ್‌ನ ವಿಎಂಡಿ ಅಥವಾ ಆರ್‌ಎಸ್‌ಟಿ ಚಾಲೂ ಇರಬಹುದು. ಅದನ್ನು ಸಾಮಾನ್ಯ ವಿಧಾನವಾದ ಎಎಚ್‌ಸಿಐಗೆ ಬದಲಿಸಿದರೆ ಕಾಣುತ್ತದೆ, ಆದರೆ ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡದಿದ್ದರೆ ಚೆನ್ನಾಗಿದ್ದ ವಿಂಡೋಸ್ ಕೂಡ ಏಳದು. ಮೂರನೆಯದೇ ದೊಡ್ಡದು: ಬಿಟ್‌ಲಾಕರ್. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಒಳಗಿನದೆಲ್ಲ ಗೂಢಲಿಪಿಯಾಗುತ್ತದೆ. ಆಗ 48 ಅಂಕಿಗಳ ರಿಕವರಿ ಕೀ ಇಲ್ಲದೆ ಒಂದು ಫೈಲೂ ಬರುವುದಿಲ್ಲ. ಯಾವ ಅಂಗಡಿಯವರೂ, ಯಾವ ಲ್ಯಾಬಿನವರೂ ಅದನ್ನು ತೆರೆಯಲಾರರು. ತೆರೆದುಕೊಡುತ್ತೇವೆ ಎಂದವರಿಗೆ ದುಡ್ಡು ಕೊಡಬೇಡಿ. ಮೊಬೈಲಿನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ಬಿಟ್‌ಲಾಕರ್ ಕೀ ನೋಡಿ. ಪರದೆಯ ಮೇಲಿನ ಕೀ ಐಡಿಯ ಮೊದಲ 8 ಅಕ್ಷರ ಅಲ್ಲಿಯದಕ್ಕೆ ಹೊಂದಬೇಕು. ಲ್ಯಾಪ್‌ಟಾಪ್ ಕೊಡಿಸಿದ ಅಣ್ಣನದೋ ಅಂಗಡಿಯವನದೋ ಇಮೇಲ್‌ನಿಂದ ಮೊದಲ ಲಾಗಿನ್ ಆಗಿದ್ದರೆ ಕೀ ಇರುವುದು ಅವರ ಅಕೌಂಟಿನಲ್ಲಿ.

ಡಿಸ್ಕೇ ಸಾಯುತ್ತಿದ್ದರೆ ವಿಷಯ ಬೇರೆ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಆಗಲೇ ಯಂತ್ರ ಆಫ್ ಮಾಡಿ. ಅದು ಧೂಳಿಲ್ಲದ ಕ್ಲೀನ್ ರೂಮಿರುವ ದೊಡ್ಡ ನಗರದ ಲ್ಯಾಬಿನ ಕೆಲಸ. ಸದ್ದಿಲ್ಲದೆ ನಿಧಾನವಾಗಿದ್ದು, ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರುಗಳ (ಕೆಟ್ಟ, ಕೆಡುತ್ತಿರುವ ಜಾಗಗಳ) ಲೆಕ್ಕ ಏರುತ್ತಿದ್ದರೆ ಫೋಲ್ಡರ್ ಫೋಲ್ಡರಾಗಿ ನಕಲಿಸಬೇಡಿ, ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಚೆಕ್‌ಡಿಸ್ಕ್ ರಿಪೇರಿಯ ಹೆಸರಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ, ಕೆಟ್ಟ ಜಾಗವನ್ನು ಮತ್ತೆ ಮತ್ತೆ ಕೆರೆಯುತ್ತದೆ. ಇಲ್ಲಿ ಬೇಕಾದದ್ದು ಇಡೀ ಡಿಸ್ಕಿನ ಪಡಿಯಚ್ಚು (ಇಮೇಜ್) ತೆಗೆಯುವ ಲಿನಕ್ಸಿನ ಸಾಧನ, ಜಿಎನ್‌ಯು ಡಿಡಿರೆಸ್ಕ್ಯೂ. ಸುಲಭವಾಗಿ ಓದಲು ಸಿಕ್ಕದ್ದನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗವನ್ನು ಹಾರಿಸಿ, ಕೊನೆಗೆ ಅದಕ್ಕೆ ಮರಳುವುದು ಅದರ ಜಾಣತನ. ಎಲ್ಲಿಯವರೆಗೆ ಆಯಿತೆಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಆ ಮ್ಯಾಪ್ ಫೈಲ್ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರಬೇಕು. ಲೈವ್ ಓಎಸ್‌ನ ಡೆಸ್ಕ್‌ಟಾಪಿನಲ್ಲಿಟ್ಟರೆ ಅದಿರುವುದು ರ್ಯಾಮ್‌ನಲ್ಲಿ, ಕರೆಂಟಿನ ಜೊತೆಗೇ ಹೋಗುತ್ತದೆ. ಒಳಗೆ 60 ಜಿಬಿಯಷ್ಟೇ ಫೈಲಿದ್ದರೂ 500 ಜಿಬಿ ಡಿಸ್ಕಿನ ಇಮೇಜಿಗೆ 500 ಜಿಬಿ ಜಾಗವೇ ಬೇಕೆಂದು ಹಿಡಿದು 1 ಟಿಬಿ ಡಿಸ್ಕ್ ತನ್ನಿ.

ಅಳಿಸಿಹೋದದ್ದನ್ನು ಮರಳಿ ತರುವುದೇ ನಿಜವಾದ ಡಾಟಾ ರಿಕವರಿ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಜಮೀನು ಮಾಯವಾಗದ ಹಾಗೆ, ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಆಗುವುದು ಪಟ್ಟಿಯಲ್ಲಿನ ದಾಖಲೆ ಮಾತ್ರ. ಅದರ ಮೇಲೆ ಬೇರೆಯದು ಬರೆಯುವ ತನಕ ಟೆಸ್ಟ್‌ಡಿಸ್ಕ್, ಫೋಟೊರೆಕ್‌ನಂಥ ಉಚಿತ ಸಾಧನಗಳಿಂದ ತೆಗೆಯಬಹುದು. ಫೋಟೊರೆಕ್ ಸಾಮಾನ್ಯವಾಗಿ ಮೂಲ ಹೆಸರು ಉಳಿಸುವುದಿಲ್ಲ, ಸಾವಿರಾರು ಫೈಲುಗಳನ್ನು ಕೂತು ವಿಂಗಡಿಸಬೇಕು. ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ. ಟ್ರಿಮ್ ಎಂಬ ಆದೇಶ ಖಾಲಿಯಾದ ಜಾಗ ಯಾವುದೆಂದು ಡ್ರೈವಿಗೆ ತಿಳಿಸುತ್ತದೆ, ಡ್ರೈವ್ ಅದನ್ನು ಒರೆಸಿಬಿಡುತ್ತದೆ.

ಕರಾವಳಿಯಲ್ಲಿ ಇನ್ನೊಂದು ಸಾಧ್ಯತೆಯನ್ನು ಮೊದಲೇ ನೋಡುವುದು ಲೇಸು. ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಎಂ.2 ಎಂಬ ಪಟ್ಟಿಯಾಕಾರದ ಎಸ್‌ಎಸ್‌ಡಿಯ ಚಿನ್ನದ ಬಣ್ಣದ ತುದಿಗಳಲ್ಲಿ ಕಿಲುಬು ಕೂತು ‘ಬೂಟ್ ಸಾಧನವಿಲ್ಲ’ ಎಂಬ ಸಂದೇಶ ಬರಬಹುದು. ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಎಸ್‌ಎಸ್‌ಡಿ ಹೊರತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. ಡಿಸ್ಕ್ ಸತ್ತಿತೆಂದು ತೀರ್ಮಾನಿಸುವುದು ಆಮೇಲೆ.

ಫೈಲು ಹೊರಗೆ ಬಂದು, ಬೇರೆ ಯಂತ್ರದಲ್ಲಿ ನಾಲ್ಕಾರು ತೆರೆದು ನೋಡಿ ಖಾತ್ರಿಯಾದ ಮೇಲೆ ಓಎಸ್ ಕಡೆ ತಿರುಗಬಹುದು. ಸ್ಟಾರ್ಟಪ್ ರಿಪೇರ್, ಅಪ್‌ಡೇಟ್ ಅನ್‌ಇನ್‌ಸ್ಟಾಲ್, ಸಿಸ್ಟಮ್ ರಿಸ್ಟೋರ್ ಈ ಕ್ರಮದಲ್ಲಿ ನೋಡಿ. ಬೂಟ್ ಪಾರ್ಟಿಷನ್ ಮಾತ್ರ ಕೆಟ್ಟಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಬೂಟ್ ಎಂಬ ಆದೇಶ ಅಲ್ಲಿನ ಬೂಟ್ ಫೈಲುಗಳನ್ನು ಹೊಸದಾಗಿ ಬರೆಯುತ್ತದೆ. ಅದಕ್ಕೂ ಜಗ್ಗದಿದ್ದರೆ ರಿಸೆಟ್. ‘ಕೀಪ್ ಮೈ ಫೈಲ್ಸ್’ ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಮುಗಳೆಲ್ಲ ಹೋಗುತ್ತವೆ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ 4 ಜಿಬಿಗೂ ಹೆಚ್ಚು ಡಾಟಾ ಎಳೆಯುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಮೇಲಿರುವವರು ಗಮನಿಸಿ. ಪೆನ್‌ಡ್ರೈವಿನಿಂದ ಹೊಸದಾಗಿ ಹಾಕುವುದಾದರೆ ಪಾರ್ಟಿಷನ್ ಪಟ್ಟಿಯ ಮುಂದೆ ಕೈ ತಡೆಯಿರಿ: ಸಿ, ಡಿ ಎರಡೂ ಒಂದೇ ಡಿಸ್ಕಿನ ತುಂಡುಗಳಾಗಿದ್ದರೆ, ಎಲ್ಲವನ್ನೂ ಡಿಲೀಟ್ ಮಾಡಿದಾಗ ಡಿ ಕೂಡ ಹೋಯಿತು. ವಿಂಡೋಸ್ 8 ಅಥವಾ ಆಮೇಲಿನ ವಿಂಡೋಸ್ ಸಮೇತ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಅದೇ ಆವೃತ್ತಿ ಹಾಕಿದರೆ ನೆಟ್ ಸಿಕ್ಕೊಡನೆ ತಾನಾಗಿ ಆಕ್ಟಿವೇಟ್ ಆಗುತ್ತದೆ, ಕ್ರ್ಯಾಕ್ ಹಾಕಿಸಿಕೊಳ್ಳುವ ಕಾರಣವೇ ಇಲ್ಲ.

ಫೈಲುಗಳನ್ನು ಮರಳಿ ತುಂಬಿದ ಮೇಲೆ ನುಡಿಯಲ್ಲೋ ಬರಹದಲ್ಲೋ ಟೈಪಿಸಿದ ಹಳೆಯ ಕನ್ನಡ ಕಡತಗಳು ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಬೆರೆತ ಗೋಜಲಾಗಿ ಕಾಣಬಹುದು. ಫೈಲು ಕೆಟ್ಟಿದೆಯೆಂದು ಅಳಿಸಬೇಡಿ. ಯುನಿಕೋಡ್ ಅಲ್ಲದ ಆ ಪಠ್ಯಕ್ಕೆ ಹಳೆಯ ಫಾಂಟೇ ಬೇಕು. ನುಡಿ, ಬರಹಗಳಲ್ಲಿ ಯಾವುದರಲ್ಲಿ ಟೈಪಿಸಿದ್ದೋ ಆ ತಂತ್ರಾಂಶವನ್ನು ಮತ್ತೆ ಹಾಕಿ, ವರ್ಡ್ ಮುಚ್ಚಿ ತೆರೆದರೆ ಅಕ್ಷರಗಳು ಬರುತ್ತವೆ.