ಜೌಗಿನ ಗುಟ್ಟು ಬೇರಿಗೆ ಗೊತ್ತು

ಪಳೆಯುಳಿಕೆಗಳ ಸಂಗ್ರಹಾಲಯದಲ್ಲಿ ಜನ ನಿಂತು ನೋಡುವುದು ಕಲ್ಲಿನ ಮೇಲೆ ಅಚ್ಚೊತ್ತಿದ ಎಲೆಗಳನ್ನು. ನರಗಳೆಲ್ಲ ಎದ್ದು ಕಾಣುವ ಎಲೆ ಚಂದವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಗಿಡ ಬೆಳೆದ ನೆಲ ಒಣಗಿತ್ತೋ ಒದ್ದೆಯಾಗಿತ್ತೋ ಎಂಬ ಪ್ರಶ್ನೆಗೆ ಎಲೆಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಗಾಳಿಗೆ ಉದುರಿ, ಹೊಳೆಯಲ್ಲಿ ತೇಲಿ, ಎಲ್ಲೋ ದೂರದ ಕೆಸರಿನಲ್ಲಿ ಹೂತುಹೋಗಿರಬಹುದು. ಬೇರು ಹಾಗಲ್ಲ. ಮಣ್ಣಿನಲ್ಲಿ ಹರಡಿಕೊಂಡಂತೆಯೇ ಕಲ್ಲಾಗಿದ್ದರೆ ಅದು ಬೆಳೆದದ್ದೂ ಅಲ್ಲೇ.

ಕಲ್ಲಿದ್ದಲಿನ ಹುಟ್ಟಿನ ಬಗೆಗಿನ ಹಳೆಯ ಜಗಳದಲ್ಲೂ ಸಾಕ್ಷಿ ಹೇಳಿದ್ದು ಬೇರುಗಳೇ. ನೆರೆಯಲ್ಲಿ ಕೊಚ್ಚಿಬಂದ ಮರಗಳ ರಾಶಿಯೇ ಕಲ್ಲಿದ್ದಲಾಯಿತು ಎಂದು ಕೆಲವರು. ಬೆಳೆದಲ್ಲೇ ಬಿದ್ದು ಆಯಿತು ಎಂದು ಇನ್ನು ಕೆಲವರು. ಬ್ರಿಟನ್ನಿನ ಸೌತ್ ವೇಲ್ಸ್‌ನ ಗಣಿಪ್ರದೇಶವನ್ನು ಅಳೆದು ನಕ್ಷೆ ಮಾಡುತ್ತಿದ್ದ ವಿಲಿಯಂ ಲೋಗನ್ 1840ರಲ್ಲಿ ಒಂದು ಸಂಗತಿ ಮುಂದಿಟ್ಟರು: ಅಲ್ಲಿನ ಕಲ್ಲಿದ್ದಲ ಪದರಗಳ ಅಡಿಯಲ್ಲೆಲ್ಲ ಜೇಡಿಯ ಹಾಸು, ಹಾಸಿನ ತುಂಬ ಸ್ಟಿಗ್ಮೇರಿಯಾ. ಮೈಮೇಲೆ ದುಂಡು ದುಂಡು ಕಲೆಗಳಿರುವ ಈ ಉದ್ದನೆಯ ಪಳೆಯುಳಿಕೆಗಳು ಲೆಪಿಡೊಡೆಂಡ್ರಾನ್, ಸಿಗಿಲ್ಲೇರಿಯಾದಂಥ ಮರಗಳ ಬೇರುಗಳು. ಕಲೆಗಳು ಎಳೆಬೇರು ಹೊರಟ ಜಾಗಗಳು. ಕೆಳಗಿನ ಜೇಡಿ ಆ ಮರಗಳ ಜೌಗು ಕಾಡಿನ ಮಣ್ಣೇ ಆಗಿತ್ತು.

ಆ ಮರಗಳು 30 ಮೀಟರ್ ದಾಟಿ ಬೆಳೆಯುತ್ತಿದ್ದವು. ಅಷ್ಟೆತ್ತರದ ಮರದ ಬೇರು ಆಳಕ್ಕೆ ಇಳಿದಿರಬೇಕು ಅನ್ನಿಸುತ್ತದೆಯಲ್ಲವೇ? ಇಳಿದಿರಲಿಲ್ಲ. ಎರಡೆರಡಾಗಿ ಕವಲೊಡೆಯುತ್ತ ನೆಲದ ಮೇಲ್ಪದರದಲ್ಲೇ ಅಡ್ಡಡ್ಡ ಹರಡಿತ್ತು. ಕಾರಣ ಉಸಿರು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ನೀರು ನಿಂತ ಮಣ್ಣಿನಲ್ಲಿ ಆಳಕ್ಕಿಳಿದ ಬೇರು ಉಸಿರುಗಟ್ಟಿ ಸಾಯುತ್ತದೆ. ಸ್ಟಿಗ್ಮೇರಿಯಾದ ಎಳೆಬೇರುಗಳ ಒಳಗೂ ಪೊಳ್ಳು. ತಾವರೆಯ ದಂಟು ಕತ್ತರಿಸಿ ನೋಡಿದವರಿಗೆ ಆ ಪೊಳ್ಳು ಗಾಳಿಯ ದಾರಿ ಎಂದು ವಿವರಿಸಬೇಕಿಲ್ಲ.

ಕಲ್ಲಾದ ಬೇರಿನ ಒಳಗನ್ನು ಇಷ್ಟು ಸ್ಪಷ್ಟವಾಗಿ ನೋಡಲು ಸಾಧ್ಯವಾಗಿದ್ದು ಕೋಲ್‌ಬಾಲ್‌ಗಳಿಂದ. ಕಲ್ಲಿದ್ದಲ ನಡುವೆ ಸಿಗುವ ಈ ಗಟ್ಟಿ ಗುಂಡುಗಳು ಗಣಿಯವರಿಗೆ ಬರೀ ಕಿರಿಕಿರಿ: ಉರಿಯುವುದಿಲ್ಲ, ಒಡೆಯುವುದೂ ಕಷ್ಟ. ಸಸ್ಯರಾಶಿ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾಗುವ ಮೊದಲೇ ಸುಣ್ಣದಂಶ ಜೀವಕೋಶಗಳೊಳಗೆ ಹೊಕ್ಕು ಗಟ್ಟಿಯಾಗಿ ಹುಟ್ಟಿದ ಗುಂಡುಗಳಿವು. ಜೋಸೆಫ್ ಹೂಕರ್ ಮತ್ತು ಎಡ್ವರ್ಡ್ ಬಿನ್ನಿ 1855ರಲ್ಲೇ ಇವುಗಳ ಬಗ್ಗೆ ಬರೆದರು. ಇವನ್ನು ಓದುವ ವಿಧಾನ ನನಗೆ ಬಹಳ ಇಷ್ಟ. ಗುಂಡನ್ನು ಗರಗಸದಿಂದ ಸೀಳಿ, ಮುಖ ನಯವಾಗಿ ಉಜ್ಜಿ, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ಕ್ಷಣ ಅದ್ದುತ್ತಾರೆ. ಸುಣ್ಣ ಕೊಂಚ ಕರಗಿ, ಕೋಶಗಳ ಗೋಡೆಗಳು ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತವೆ. ಮೇಲೆ ಅಸಿಟೋನ್ ಸುರಿದು, ಅಸಿಟೇಟ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಒಣಗಿದ ಮೇಲೆ ಸುಲಿದರೆ, ಸುಮಾರು 30 ಕೋಟಿ ವರ್ಷ ಹಳೆಯ ಬೇರಿನ ಕೋಶಗಳು ಹಾಳೆಗೆ ಅಂಟಿಕೊಂಡು ಬರುತ್ತವೆ. ಮತ್ತೆ ಉಜ್ಜಿ, ಮತ್ತೆ ಸುಲಿಯಬಹುದು.

ಜೌಗು ಎಂದರೆ ಸದಾ ನೀರೇ ಎಂದುಕೊಳ್ಳಬೇಡಿ. ಕಲ್ಲಿದ್ದಲಿನೊಳಗೆ ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ಇದ್ದಿಲಿನ ತುಣುಕುಗಳೂ ಸಿಗುತ್ತವೆ. ಆ ಕಾಡುಗಳಿಗೆ ಆಗಾಗ ಬೆಂಕಿ ಬೀಳುತ್ತಿತ್ತು.

ಇನ್ನೊಂದು ಬೇರಿನ ಕತೆ ದಕ್ಷಿಣದ್ದು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಬ್ರಿಟಿಷ್ ಅನ್ವೇಷಕ ಸ್ಕಾಟ್ ಮತ್ತು ಸಂಗಡಿಗರು ಸತ್ತರು. ಅವರು ಕೊನೆಯವರೆಗೂ ಬಿಡದೆ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಗಳಿದ್ದವು. ನಮ್ಮ ದಾಮೋದರ ಕಣಿವೆಯ ಕಲ್ಲಿದ್ದಲ ಪದರಗಳಲ್ಲೂ ಇರುವ ಅದೇ ನಾಲಗೆಯಾಕಾರದ ಎಲೆ. ಭೂಖಂಡಗಳು ಒಂದಾಗಿದ್ದವು ಎಂಬ ವಾದಕ್ಕೆ ಎಲೆ ಬಲ ಕೊಟ್ಟು ಹೆಸರಾಯಿತು. ಈ ಮರದ ಬೇರಿನ ಹೆಸರು ವರ್ಟಿಬ್ರೇರಿಯಾ. ಕಲ್ಲಿನಲ್ಲಿ ಸಾಲು ಸಾಲು ಚೌಕಗಳಾಗಿ ಬೆನ್ನುಮೂಳೆಯಂತೆ ಕಾಣುವುದರಿಂದ ಈ ಹೆಸರು. ಇದು ಏನೆಂದು ತಜ್ಞರೇ ಬಹುಕಾಲ ತಲೆಕೆಡಿಸಿಕೊಂಡಿದ್ದರು. ಅಂಟಾರ್ಕ್ಟಿಕಾದಲ್ಲಿ ಕೋಶಸಮೇತ ಕಲ್ಲಾದ ಬೇರುಗಳನ್ನು ಅಡ್ಡಕ್ಕೆ ಕೊಯ್ದಾಗ, ಮರದ ಸೀಳುಗಳ ನಡುವೆ ಖಾಲಿ ಕೋಣೆಗಳು ಕಂಡವು. ಈಗ ಬರೀ ಹಿಮವಿರುವಲ್ಲಿ, ಒಂದು ಕಾಲಕ್ಕೆ ಬೇರೊಳಗೆ ಗಾಳಿ ತುಂಬಿಕೊಂಡು ಮರಗಳು ಕೆಸರಿನಲ್ಲಿ ನಿಂತಿದ್ದವು.